ದೂರು ಕೊಡದವರ ಗುಂಪು

ಅದು ಗಾಜಿನ ಗೀರೋ ಹೆಬ್ಬೆರಳಿನದೋ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಗಾಜಿನದೇ ಅನ್ನಿಸುತ್ತದೆ, ಕಿಟಕಿಯ ಕಡೆ ತಿರುಗಿಸಿದರೆ ಅಲ್ಲ ಅನ್ನಿಸುತ್ತದೆ, ಗ್ರೀಸಿನ ಕಪ್ಪು ಅಚ್ಚಿನ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ, ಅಚ್ಚು ಒಂದಲ್ಲ, ಒಂದರ ಮೇಲೊಂದು ಒತ್ತಿ ಒತ್ತಿ ಗಟ್ಟಿಯಾದ ಕಲೆ, ಪರದೆಯ ಕೆಳಭಾಗದಲ್ಲಿ ‘ಮುಂದುವರಿಸಿ’ ಎಂಬ ಗುಂಡಿ ಮೂಡುವ ಜಾಗ, ಸರಿಯಾಗಿ ಅಲ್ಲೇ — ಭಾವನ ಕೈ, ಯಾವ ಕೈ, ಬಲಗೈ ಆಗಲು ಸಾಧ್ಯವಿಲ್ಲ, ಬಲಗೈ ಆಗ ಲಿಫ್ಟಿನ ಕೆಳಗಿನ ಹಳ್ಳದ ತಳದಲ್ಲಿ ರಾಟೆಗೂ ಉಕ್ಕಿನ ಹಗ್ಗಕ್ಕೂ ನಡುವೆ ಸಿಕ್ಕಿಕೊಂಡಿತ್ತು, ಹಾಗಾದರೆ ಎಡಗೈ, ಎಡಗೈ ಹೆಬ್ಬೆರಳಿನಲ್ಲಿ ಗಾಯದ ಗೆರೆ ಇತ್ತೇ, ಒಂದು ಕೈಯಲ್ಲಿ ಇತ್ತು, ನನ್ನ ಪುಸ್ತಕ ಇಡಲು ಹಲಗೆ ಕೊಯ್ಯುವಾಗ ಗರಗಸ ಜಾರಿ ಆದದ್ದು, ಬಲಗೈಯಲ್ಲಿ ಗರಗಸ ಹಿಡಿದವನಿಗೆ ಏಟು ಬೀಳುವುದು ಎಡಗೈಗೆ, ಆದರೆ ಅದು ತರ್ಕ, ನೆನಪಲ್ಲ, ನಾಲ್ಕು ವರ್ಷ ಅವರ ಮನೆಯಲ್ಲಿ ಎದುರಿಗೇ ಕೂತು ಉಂಡಿದ್ದೇನೆ, ಯಾವ ಕೈ ಅಂತ ನೆನಪಿಲ್ಲ, ಥೂ. ಫೋನು ಪ್ಲಾಸ್ಟಿಕ್ ಚೀಲದಲ್ಲಿದೆ, ಚೀಲದ ಮೇಲೆ ನಂಬರು, ನಿನ್ನೆ ಹಸಿರು ಸಾಹೇಬರು ತಂದು ನನ್ನ ಮೇಜಿನ ಮೇಲೆ ಇಟ್ಟುಹೋದರು, ಬೇಕಾದ ಮಾಹಿತಿ ತೆಗೆದ್ಕೊಂಡು ನೀಟಾಗಿ ಒರೆಸಿ ಇಡಪ್ಪ, ಇನ್ನೊಬ್ರಿಗೆ ಕೊಡಬಹುದು, ಫೋನಿಗೇನೂ ಆಗಿಲ್ವಲ್ಲ. ಫೋನಿಗೇನೂ ಆಗಿಲ್ಲ. ಆ ಮಾತು ಹೇಳುವಾಗ ಅವರ ಮುಖದಲ್ಲಿ ನಿಜವಾಗಿಯೂ ಸಮಾಧಾನವಿತ್ತು, ಆ ಸಮಾಧಾನದ ಮುಖಕ್ಕೆ ಬಿಸಿ ಕಾಫಿ ಎರಚಬೇಕಿತ್ತು, ಎರಚಲಿಲ್ಲ, ಸರಿ ಸಾರ್ ಅಂದೆ, ನನಗೆ ಚೆನ್ನಾಗಿ ಬರುವ ಮಾತು ಅದೊಂದೇ. ಒರೆಸುವ ಬಟ್ಟೆಯೂ ಪಕ್ಕದಲ್ಲೇ ಇದೆ, ಬೆಳಗ್ಗೆಯಿಂದ ಮೂರು ಸಲ ಕೈಗೆತ್ತಿಕೊಂಡೆ.

ಹನ್ನೊಂದಕ್ಕೆ ವಿಚಾರಣೆ, ಈಗ ಹತ್ತೂಕಾಲು, ಮುಖ್ಯ ಕಚೇರಿಯಿಂದ ಸುರಕ್ಷತಾ ಅಧಿಕಾರಿ ಮೇಡಂ ಬಂದಿದ್ದಾರೆ, ಮೇಲಿನ ಮಹಡಿಯ ಸಣ್ಣ ಕೋಣೆಯಲ್ಲಿ ಎಸಿ ಹಾಕಿಸಿಕೊಂಡು ಕೂತಿದ್ದಾರಂತೆ, ಭಾವನನ್ನೂ ಕರೆಸಿದ್ದಾರೆ, ಅಪಘಾತವಾಗಿ ಹದಿನೆಂಟು ದಿನ, ಕಟ್ಟು ಇನ್ನೂ ಬಿಚ್ಚಿಲ್ಲ, ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಇಲ್ಲ, ಲಿಫ್ಟ್ ಮೆಕ್ಯಾನಿಕ್ಕಿಗೆ ಅವೆರಡು ಬೆರಳು ಇಲ್ಲದಿದ್ದರೆ ಸ್ಪ್ಯಾನರ್ ಹಿಡಿಯುವುದು ಯಾವುದರಲ್ಲಿ. ಇವತ್ತು ತೀರ್ಮಾನವಾಗುವುದು ಒಂದೇ ವಿಷಯ, ತಪ್ಪು ಯಾರದು. ಕಂಪನಿಯದಾದರೆ ಭಾವನಿಗೆ ಇಲ್ಲೇ ಉಗ್ರಾಣದಲ್ಲೋ ಕಂಟ್ರೋಲ್ ರೂಮಿನಲ್ಲೋ ಕೂರುವ ಕೆಲಸ, ಭಾವನದೇ ಆದರೆ ಮನೆಗೆ. ಹಸಿರು ಸಾಹೇಬರು ಆಗಲೇ ಎರಡು ಸಲ ಬಂದು ಹೋದರು, ನಾವೆಲ್ಲ ಅವರಿಗೆ ಆ ಹೆಸರಿಟ್ಟದ್ದು ಯಾಕೆಂದರೆ ಅವರಿಗೆ ಬೇಕಾದದ್ದು ಜಗತ್ತಿನಲ್ಲಿ ಹಸಿರು ಚುಕ್ಕೆ ಮಾತ್ರ, ನನ್ನ ಪರದೆಯ ಮೇಲೆ ಸಾವಿರದ ನೂರಾ ನಲವತ್ತು ಚುಕ್ಕೆಗಳು, ಕಂಪನಿಯ ಒಂದೊಂದು ಕಂಪ್ಯೂಟರಿಗೆ, ಟ್ಯಾಬಿಗೆ, ಫೋನಿಗೆ ಒಂದೊಂದು, ನಿಯಮದ ಪ್ರಕಾರ ಇದ್ದರೆ ಹಸಿರು, ಏನಾದರೂ ಬಾಕಿ ಇದ್ದರೆ ಹಳದಿ, ಕೆಟ್ಟರೆ ಕೆಂಪು, ಇಲ್ಲಿ ಕೂತು ನಾನು ಒಂದು ಗುಂಡಿ ಒತ್ತಿದರೆ ಊರಾಚೆಯ ಕಟ್ಟಡದಲ್ಲಿ ಯಾರದೋ ಜೇಬಿನೊಳಗೆ ಫೋನು ಬೀಗ ಹಾಕಿಕೊಳ್ಳುತ್ತದೆ, ಕ್ಯಾಮೆರಾ ಮುಚ್ಚಿಕೊಳ್ಳುತ್ತದೆ, ಹೊಸ ಆ್ಯಪ್ ತಾನೇ ಬಂದು ಕೂರುತ್ತದೆ. ಅಕ್ಕ ನೆರೆಯವರಿಗೆ ಹೇಳುತ್ತಾಳೆ, ನನ್ನ ತಮ್ಮ ಕೂತಲ್ಲೇ ಸಾವಿರ ಫೋನ್ ಕಾಯ್ತಾನೆ ಕಣ್ರೀ, ಹೇಳುವಾಗ ಸೆರಗು ಸರಿ ಮಾಡಿಕೊಳ್ಳುತ್ತಾಳೆ, ನೆರೆಯಾಕೆ ಕೇಳಿದ್ದಳಂತೆ, ಕಳ್ಳರಿಂದಾನಾ, ಅಕ್ಕನಿಗೆ ಉತ್ತರ ಗೊತ್ತಿರಲಿಲ್ಲ, ನನ್ನನ್ನು ಕೇಳಿದಳು, ನಾನು ನಕ್ಕುಬಿಟ್ಟೆ, ಕಾಯುವುದಂತೆ, ಕಾಯುವುದು. ಸಾಹೇಬರು ಮೂರನೇ ಸಲ ಬಾಗಿಲಲ್ಲಿ ಕಾಣಿಸಿಕೊಂಡು, ಪ್ರಾಯೋಗಿಕ ಗುಂಪಿನ ಪುಟ ಪ್ರಿಂಟ್ ತಗೊಂಡ್ಯಾ, ಮೇಡಂಗೆ ಬೇಕಂತೆ, ಯಾರ್ಯಾರಿದಾರೆ, ಯಾಕಿದಾರೆ, ಪೂರ್ತಿ ಪುಟ, ಸರೀನಾ, ಸರಿ ಸಾರ್.

ಪೂರ್ತಿ ಪುಟ. ತೆರೆದು ಕೂತಿದ್ದೇನೆ. ಮೇಲೆ ಹೆಸರು, ಪ್ರಾಯೋಗಿಕ ಗುಂಪು ಒಂದು, ಕೆಳಗೆ ಇಪ್ಪತ್ತೆರಡು ಫೋನುಗಳ ಪಟ್ಟಿ, ಇವೆರಡರ ನಡುವೆ ಸಣ್ಣ ಚೌಕ, ವಿವರಣೆ ಬರೆಯಲು ಕೊಟ್ಟದ್ದು, ಸಾಮಾನ್ಯವಾಗಿ ಯಾರೂ ಅಲ್ಲಿ ಏನೂ ಬರೆಯುವುದಿಲ್ಲ, ನಾನು ಬರೆದಿದ್ದೇನೆ, ಎರಡು ವರ್ಷದ ಹಿಂದೆ, ಮಧ್ಯಾಹ್ನ ಊಟದ ನಂತರದ ತೂಕಡಿಕೆಯಲ್ಲಿ, ತಮಾಷೆಗೆ, ‘ದೂರು ಕೊಡದವರು’. ಹೊಸ ನಿಯಮ ಯಾವುದೇ ಬಂದರೂ ಮೊದಲು ಕೆಲವರ ಮೇಲೆ ಹಾಕಿ ನೋಡಬೇಕು, ವಾರ ಕಾದು, ತೊಂದರೆ ಇಲ್ಲದಿದ್ದರೆ ಎಲ್ಲರಿಗೂ, ಅದು ಈ ಕೆಲಸದ ಶಿಸ್ತು, ಆ ಕೆಲವರಲ್ಲಿ ಎಲ್ಲ ಬಗೆಯವರೂ ಇರಬೇಕು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ನಾನೂ ಮೊದಲು ಹಾಗೇ ಮಾಡಿದ್ದೆ, ಮಾರಾಟ ವಿಭಾಗದವರು ನಾಲ್ಕು ಜನ, ಲೆಕ್ಕದವರು ಇಬ್ಬರು, ಸಾಹೇಬರ ಪಿಎ ಒಬ್ಬಳು — ಮೊದಲನೇ ದಿನವೇ ಬೆಂಕಿ, ಏನ್ರೀ ಇದು ನನ್ನ ಫೋಟೋ ಕಾಣ್ತಿಲ್ಲ, ಹಲೋ ನನ್ ಲ್ಯಾಪ್‌ಟಾಪ್ ಯಾರ್ರೀ ಮುಟ್ಟಿದ್ದು, ಒಬ್ಬ ನೇರ ಇಲ್ಲಿಗೇ ಬಂದು ಮೇಜು ಗುದ್ದಿ, ನಿಮ್ಗೆ ಬೇರೆ ಕೆಲಸ ಇಲ್ವಾ, ಆಮೇಲೆ ಸಾಹೇಬರು ಕರೆದು, ನೋಡಪ್ಪ, ಪ್ರಯೋಗ ಅಂದ್ರೆ ಗಲಾಟೆ ಅಲ್ಲ, ನನಗೆ ತಿಂಗಳ ಕೊನೆಗೆ ಶೂನ್ಯ ದೂರು ಬೇಕು, ಹೇಗೆ ಮಾಡ್ತೀಯೋ ನೋಡು. ಹೇಗೆ ಮಾಡಲಿ, ಮಾಡಿದೆ. ಮೇಜು ಗುದ್ದುವವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದೆ, ಅವರ ಜಾಗಕ್ಕೆ ಸುಮ್ಮನಿರುವವರನ್ನು ತುಂಬಿದೆ, ಗೇಟಿನ ಕಾವಲುಗಾರರು, ಉಗ್ರಾಣದ ಮುದುಕ, ವ್ಯಾನ್ ಡ್ರೈವರುಗಳು, ನೆಲಮಾಳಿಗೆಯಲ್ಲಿ ಮೋಟಾರು ಸುತ್ತುವವರು, ದೂರು ಹೇಳಬಹುದು ಎಂಬುದೇ ಗೊತ್ತಿಲ್ಲದವರು, ಗೊತ್ತಿದ್ದರೂ ದೊಡ್ಡವರಿಗೆ ಫೋನ್ ಮಾಡಿ ತೊಂದರೆ ಕೊಡೋದ್ಯಾಕೆ ಅನ್ನುವವರು, ಇತರರು ಬಳಸಿ ಬಿಟ್ಟ ಹಳೆಯ ಸಣ್ಣ ಫೋನುಗಳು ಹೋಗುವುದೂ ಇಂಥವರ ಕೈಗೇ, ಇಪ್ಪತ್ತೊಂದು ಹೆಸರಾಯಿತು, ಇನ್ನೊಂದು ಬೇಕಿತ್ತು, ಜಗತ್ತಿನಲ್ಲಿ ದೂರೇ ಹೇಳದ ಮನುಷ್ಯ ಯಾರು ಅಂತ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ, ಬೆರಳು ತಾನಾಗಿಯೇ ಭಾವನ ಹೆಸರು ಬರೆಯಿತು.

ನಡೆಯುತ್ತೆ ಬಿಡು. ಭಾವನ ಮಾತು ಅಷ್ಟೇ. ಸಾರಿಗೆ ಉಪ್ಪಿಲ್ಲ ರೀ ನೋಡ್ಲೇ ಇಲ್ಲ ಅಂತ ಅಕ್ಕ ಊಟದ ಕೊನೆಗೆ ತಾನು ತಿನ್ನುವಾಗ ಕೂಗುತ್ತಿದ್ದಳು, ನೀವ್ಯಾಕ್ರೀ ಹೇಳ್ಲಿಲ್ಲ, ನಡೆಯುತ್ತೆ ಬಿಡೇ, ಏನ್ ನಡೆಯುತ್ತೆ, ಕಲ್ಲು ಹಾಕಿ ಕೊಟ್ರೂ ತಿಂದು ಏಳ್ತೀರ ನೀವು, ಕಲ್ಲಿಗೆ ಉಪ್ಪು ಹಾಕಿದ್ರೆ ನಡೆಯುತ್ತೆ ಅಂತ ಭಾವ, ನಮಗೆಲ್ಲ ನಗು. ಕಂಪನಿ ಒಂದು ಸಲ ಒಂಬತ್ತನೇ ಸೈಜಿನ ಬೂಟು ಕೊಟ್ಟಿತು, ಅವರದು ಏಳು, ಎರಡು ವರ್ಷ ಎರಡೆರಡು ಕಾಲುಚೀಲ ಹಾಕಿಕೊಂಡು ಟಪ್ ಟಪ್ ಎಂದು ಓಡಾಡಿದರು, ಬದಲಾಯಿಸಿಕೊಳ್ಳಿ ಭಾವ ಅಂದರೆ, ಇನ್ಯಾರಿಗೋ ಏಳು ಸಿಕ್ಕಿ ಒದ್ದಾಡ್ತಿರ್ತಾನೆ ಕಣೋ, ಅವನಿಗಿಂತ ನಾನೇ ವಾಸಿ. ಇದನ್ನೆಲ್ಲ ಒಳ್ಳೆಯತನ ಅನ್ನುತ್ತಾರೆ, ನನಗೆ ಮೈ ಉರಿಯುತ್ತದೆ, ಈ ಒಳ್ಳೆಯತನದ ಮೇಲೆ ಯಾರು ಬೇಕಾದರೂ ಕಾಲಿಟ್ಟು ನಡೆಯಬಹುದು, ನಾನೂ ನಡೆದೆ, ಕಾಲೇಜಿಗೆ ಹೋಗುವ ನಾಲ್ಕು ವರ್ಷ ಅವರ ಮಂಚ ನನಗೆ, ಅವರು ನಡುಮನೆಯಲ್ಲಿ ಚಾಪೆ, ನಸುಕಿನಲ್ಲಿ ಕೆಲಸಕ್ಕೆ ಹೊರಡುವಾಗ ನನಗೆ ಎಚ್ಚರವಾಗಬಾರದೆಂದು ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳುತ್ತಿದ್ದರು, ನನಗೆ ಎಚ್ಚರವಿರುತ್ತಿತ್ತು, ಕಣ್ಣು ಮುಚ್ಚಿಕೊಂಡೇ ಲೇಸು ಬಿಗಿಯುವ ಸದ್ದು ಕೇಳುತ್ತಿದ್ದೆ, ಒಂದು ದಿನವೂ ಎದ್ದು, ಭಾವ ಒಳಗೇ ಹಾಕ್ಕೊಳಿ, ನಾನು ಎದ್ದಿದ್ದೀನಿ ಅನ್ನಲಿಲ್ಲ. ಹಲಗೆ ಕೊಯ್ದ ದಿನವೂ, ಒಳಗೆ ಓದುತ್ತಿದ್ದೆ, ಗರಗಸದ ಸದ್ದು ನಿಂತಿತು, ಮತ್ತೆ ಶುರುವಾಯಿತು, ನಡುವೆ ನಲ್ಲಿಯ ನೀರು ಬಿಟ್ಟ ಸದ್ದು, ಸಂಜೆ ಹಲಗೆ ಗೋಡೆಗೆ ಹತ್ತಿತು, ಭಾವನ ಹೆಬ್ಬೆರಳಿಗೆ ಹಳೇ ಬನಿಯನ್ನಿನ ಚೂರು ಸುತ್ತಿತ್ತು, ಕೆಂಪಾಗಿತ್ತು, ನೋಡೋ ಪುಸ್ತಕ ಎಷ್ಟು ಹಿಡಿಯತ್ತೆ ಅಂದರು, ನಾನು ಪುಸ್ತಕ ಜೋಡಿಸಿದೆ. ಯಾವ ಕೈ.

ಹೊಸ ಪಾಸ್‌ವರ್ಡಿನ ನಿಯಮ ಸಾಹೇಬರ ಕನಸು, ನಾಲ್ಕು ಅಂಕಿ ಸಾಲದು, ಹತ್ತು ಅಕ್ಷರ ಬೇಕು, ಅದರಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಗಡುವು ಮುಗಿದ ಮೇಲೂ ಹಾಕದಿದ್ದರೆ ಫೋನು ಬೇರೇನೂ ಮಾಡಲು ಬಿಡದೆ ಅದನ್ನೇ ಕೇಳುತ್ತ ನಿಲ್ಲಬೇಕು, ಜೊತೆಗೆ ಬೀಗದ ಪರದೆಯ ಮೇಲೆ ಎಚ್ಚರಿಕೆ, ಈ ಸಾಧನ ಕಂಪನಿಯ ಸ್ವತ್ತು, ಇದನ್ನು ಅನಧಿಕೃತವಾಗಿ, ಇತ್ಯಾದಿ ನಾಲ್ಕು ಸಾಲು, ದಪ್ಪಕ್ಷರ ಮಾಡು, ಇನ್ನೂ ದಪ್ಪ, ಭಯ ಬರಬೇಕು ಅಂದರು, ಮಾಡಿದೆ. ನನ್ನ ಮೇಜಿನ ದೊಡ್ಡ ಫೋನಿನಲ್ಲಿ ಹಾಕಿ ನೋಡಿದೆ, ಚೆನ್ನಾಗಿ ಬಂತು, ಮೇಲೆ ನಾಲ್ಕು ಸಾಲು, ನಡುವೆ ಪಾಸ್‌ವರ್ಡಿನ ಚೌಕ, ಕೆಳಗೆ ಕೆಂಪಕ್ಷರದಲ್ಲಿ ‘ತುರ್ತು ಕರೆ’, ಬೀಗ ಬಿದ್ದಾಗಲೂ ಯಾರು ಬೇಕಾದರೂ ಒತ್ತಬಹುದಾದ ಒಂದೇ ಗುಂಡಿ. ಸಣ್ಣ ಫೋನಿನಲ್ಲಿ ನೋಡಲಿಲ್ಲ. ಸಣ್ಣ ಪರದೆಯಲ್ಲಿ ಆ ನಾಲ್ಕು ದಪ್ಪ ಸಾಲುಗಳು ಉಳಿದದ್ದನ್ನೆಲ್ಲ ಕೆಳಕ್ಕೆ ನೂಕಿ, ಕೆಂಪಕ್ಷರವನ್ನು ಪರದೆಯ ಆಚೆಗೆ ತಳ್ಳಿಬಿಟ್ಟಿದ್ದವು, ಪ್ರಾಯೋಗಿಕ ಗುಂಪಿನ ಇಪ್ಪತ್ತೆರಡೂ ಫೋನು ಸಣ್ಣವು, ಇಪ್ಪತ್ತೆರಡು ಜನ ವಾರವಿಡೀ ಅದನ್ನು ಜೇಬಿನಿಂದ ತೆಗೆದು ನೋಡಿದರು, ಕೆಂಪಕ್ಷರ ಇಲ್ಲ ಅಂತ ಒಬ್ಬನೂ ಹೇಳಲಿಲ್ಲ, ಒಬ್ಬನೂ, ಹೇಳುವವರಾಗಿದ್ದರೆ ಆ ಗುಂಪಿನಲ್ಲೇ ಇರುತ್ತಿರಲಿಲ್ಲ, ಶುಕ್ರವಾರ ನಾನು ವರದಿ ಕಳಿಸಿದೆ, ದೂರುಗಳು ಶೂನ್ಯ, ಸಾಹೇಬರು ಎಲ್ಲರ ಮುಂದೆ ಚಪ್ಪಾಳೆ ತಟ್ಟಿದರು, ನೋಡಿ ಕಲೀರಿ ಇವನನ್ನ, ನಾನು ತಲೆ ತಗ್ಗಿಸಿ ನಕ್ಕೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ, ಭಾವ ಫೋನು ಹಿಡಿದುಕೊಂಡು ಪಕ್ಕದಲ್ಲಿ ಬಂದು ಕೂತರು, ಪರದೆಯನ್ನು ಅಂಗಿಯ ತುದಿಗೆ ಒರೆಸಿದರು, ಅದೇನೋ ಹೊಸ ಪಾಸ್‌ವರ್ಡ್ ಕೇಳತ್ತೆ ಕಣೋ, ದಿನಾ ಆಮೇಲೆ ಆಮೇಲೆ ಅಂತ ಒತ್ತಿ ಮುಂದೂಡ್ತಾ ಇದೀನಿ, ನೀನೇ ಒಂದು ಹಾಕ್ಕೊಡು. ನಾನು ನನ್ನ ಫೋನಿನಿಂದ ತಲೆ ಎತ್ತದೆ, ಸುಲಭ ಇದೆ ಭಾವ, ನೀವೇ ಹಾಕ್ಕೊಳಿ, ಓದಿದ್ರೆ ಗೊತ್ತಾಗತ್ತೆ. ಹೂಂ, ಆಯ್ತು ಬಿಡು ಅಂದರು, ಫೋನನ್ನು ಜೇಬಿಗೆ ಹಾಕಿಕೊಂಡರು, ಅಷ್ಟೇ, ಅವರು ಬಾಯಿಬಿಟ್ಟು ಏನಾದರೂ ಕೇಳಿದ್ದು ಬಹುಶಃ ಅದೊಂದೇ ಸಲ.

ಮಂಗಳವಾರ. ದಾಖಲೆ ನನ್ನ ಮುಂದೆ ಬಿಚ್ಚಿಕೊಂಡಿದೆ, ಫೋನು ಪ್ರತಿಯೊಂದನ್ನೂ ಹೇಳುತ್ತದೆ, ಬೆಳಗ್ಗೆ ಹನ್ನೊಂದು ಐವತ್ತು, ಗಡುವು ಮುಗಿಯಿತು, ಪರದೆ ಬೀಗ. ಹನ್ನೊಂದು ಐವತ್ತೆಂಟು, ಮೊದಲ ಪ್ರಯತ್ನ, ತಿರಸ್ಕೃತ, ಅಕ್ಷರಗಳು ಸಾಲವು. ಐವತ್ತೊಂಬತ್ತು, ತಿರಸ್ಕೃತ, ಅಕ್ಷರಗಳು ಸಾಲವು. ಹನ್ನೆರಡು ಸೊನ್ನೆ ಒಂದು, ತಿರಸ್ಕೃತ, ದೊಡ್ಡಕ್ಷರ ಇಲ್ಲ. ಮೂರು, ತಿರಸ್ಕೃತ, ಚಿಹ್ನೆ ಇಲ್ಲ. ಇನ್ನೂ ಯಾರೂ ಬಂದು ಸೇರದ ಹೊಸ ಕಟ್ಟಡ, ಇಬ್ಬರು ಹೋಗಬೇಕಾದ ಕೆಲಸಕ್ಕೆ ಒಬ್ಬರನ್ನೇ ಕಳಿಸಿದ್ದರು, ಜೊತೆಗಾರನಿಗೆ ಬೇರೆ ಕಡೆ ಅರ್ಜೆಂಟು, ನೀವೊಬ್ರೇ ನೋಡ್ಕೋತೀರಲ್ವಾ, ನಡೆಯುತ್ತೆ ಸಾರ್, ಹಳ್ಳಕ್ಕೆ ಇಳಿದು ಹಗ್ಗ ಬಿಗಿ ಹಿಡಿಯುವ ರಾಟೆ ಒರೆಸುವಾಗ ಮೇಲೆ ಲಿಫ್ಟು ಒಂದು ಅಡಿ ಜರುಗಿತು, ಒಂದೇ ಅಡಿ, ಕೈ ಒಳಗೆ ಹೋಯಿತು, ಎಡಗೈಯಿಂದ ಹೇಗೋ ಜೇಬಿನ ಫೋನು ತೆಗೆದರು, ಗ್ರೀಸು, ಬೆವರು, ನೆಟ್‌ವರ್ಕು ಎರಡು ಗೆರೆ ಇತ್ತು, ಫೋನಿಗೇನೂ ಆಗಿರಲಿಲ್ಲ. ಹನ್ನೆರಡು ಹತ್ತು, ತಿರಸ್ಕೃತ. ಹನ್ನೆರಡು ಹನ್ನೊಂದು, ತಿರಸ್ಕೃತ, ಹಿಂದಿನದೇ ಇದೆ. ಏನು ಬರೆದಿರಬಹುದು, ದಾಖಲೆ ಅದನ್ನು ಹೇಳುವುದಿಲ್ಲ, ನನಗೆ ಗೊತ್ತು, ಮಗಳ ಹೆಸರು, ಮಗಳ ಹೆಸರು ಮತ್ತು ಹುಟ್ಟಿದ ವರ್ಷ, ಅಕ್ಕನ ಹೆಸರು, ಆಮೇಲೆ ಪ್ರಾಯಶಃ ನನ್ನ ಹೆಸರು, ಚಿಹ್ನೆ ಅಂದರೆ ಏನಂತ ಅವರಿಗೆ ಯಾರು ಹೇಳಿದ್ದಾರೆ. ಹನ್ನೆರಡೂವರೆಗೆ ನನ್ನ ಪರದೆಯ ಮೇಲೆ ಒಂದು ಹಳದಿ ಚುಕ್ಕೆ, ಪಕ್ಕದಲ್ಲಿ ಭಾವನ ಹೆಸರು, ಪಾಸ್‌ವರ್ಡ್ ಬಾಕಿ, ವಿಫಲ ಪ್ರಯತ್ನ ಹತ್ತೊಂಬತ್ತು. ನಾನು ನೋಡಿದೆ. ನೋಡಲಿಲ್ಲ ಅಂತ ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು, ನೋಡಿದೆ, ಪಕ್ಕದ ಮೇಜಿನವಳನ್ನು ಕರೆದು ತೋರಿಸಿದೆ, ನೋಡೇ ನಮ್ಮ ಭಾವ, ಹತ್ತೊಂಬತ್ತು ಸಲ, ಪಾಸ್‌ವರ್ಡ್ ಹಾಕ್ತಿದಾರೋ ಬಾವಿ ತೋಡ್ತಿದಾರೋ. ಅವಳೂ ನಕ್ಕಳು, ಪಾಪ ಕಣೋ, ಒಂದು ಫೋನ್ ಮಾಡಿ ಹೇಳ್ಕೊಡೋ. ಕಲೀಲಿ ಬಿಡೇ ಅಂದೆ. ಕಲೀಲಿ. ಹೆಸರಿನ ಪಕ್ಕದಲ್ಲೇ ‘ನಿಯಮ ತೆರವು’ ಎಂಬ ಗುಂಡಿ ಇತ್ತು, ಒಂದು ಸಲ ಒತ್ತಿದ್ದರೆ ಅಲ್ಲಿ ಫೋನು ತೆರೆದುಕೊಳ್ಳುತ್ತಿತ್ತು, ಅದೂ ಬೇಡ, ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಬೀಗ ಹಾಕಿದ ಫೋನಿನಲ್ಲೂ ಬಂದ ಕರೆ ಎತ್ತಬಹುದು, ಚಿಹ್ನೆಯೂ ಬೇಡ ದೊಡ್ಡಕ್ಷರವೂ ಬೇಡ, ಆದರೆ ನಾನು ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದೆ, ನಿಧಾನವಾಗಿ ತಿಂದೆ, ಕೈ ತೊಳೆದು ಕಿಟಕಿಯ ಹತ್ತಿರ ನಿಂತು ಬೀದಿ ನೋಡಿದೆ, ಅಲ್ಲಿ ಹನ್ನೆರಡು ನಲವತ್ತೊಂದು, ತಿರಸ್ಕೃತ, ಹನ್ನೆರಡು ನಲವತ್ನಾಲ್ಕು, ತಿರಸ್ಕೃತ, ಒಂದು ಐದು, ಒಂದು ಹದಿಮೂರು, ಒಂದು ಇಪ್ಪತ್ತಾರು, ಮೂವತ್ತೇಳನೆಯದು, ಅಲ್ಲಿಗೆ ನಿಂತಿತು, ಯಾಕೆಂದರೆ ಒಂದೂವರೆಗೆ ಅಕ್ಕ ಎಂದಿನ ಹಾಗೆ ಫೋನ್ ಮಾಡಿದಳು, ಊಟ ಆಯ್ತೇನ್ರೀ, ಭಾವ ಎತ್ತಿ, ಇನ್ನೂ ಇಲ್ಲ ಕಣೇ ಅಂದರಂತೆ, ಮೊದಲು ಅದಕ್ಕೆ ಉತ್ತರ ಕೊಟ್ಟರಂತೆ, ಆಮೇಲೆ, ಕೈ ಒಂದು ಸ್ವಲ್ಪ ಸಿಕ್ಕಾಕ್ಕೊಂಡಿದೆ, ನಿನ್ನ ತಮ್ಮನಿಗೆ ಹೇಳ್ತೀಯಾ, ಗಾಬರಿ ಮಾಡ್ಬೇಡ ಅವನಿಗೆ.

ಗಾಬರಿ ಮಾಡ್ಬೇಡ. ಹತ್ತು ನಲವತ್ತು ಆಯಿತು, ಪ್ರಿಂಟ್ ತೆಗೆಯಬೇಕು, ಪೂರ್ತಿ ಪುಟ, ಆ ಎರಡು ಪದ ಇರುವ ಪುಟ. ಹಾಗೇ ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟರೆ ಏನಾಗುತ್ತದೆ, ಓದುತ್ತಾರೆ, ಇದೇನಿದು ದೂರು ಕೊಡದವರು ಅಂದ್ರೆ, ನಾನು ಹೇಳಬೇಕು, ಮೇಡಂ, ತೊಂದರೆ ಆದ್ರೂ ಹೇಳಲ್ಲ ಅಂತ ಗೊತ್ತಿದ್ದವರನ್ನೇ ಆರಿಸಿ ಪ್ರಯೋಗ ಮಾಡಿದ್ದು, ಆಗ ತಪ್ಪು ಭಾವನದಲ್ಲ, ಭಾವನಿಗೆ ಕೂರುವ ಕೆಲಸ, ಮನೆಗೆ ಹೋಗುವವನು ನಾನು, ಸಾಹೇಬರು ಹೋಗುವುದಿಲ್ಲ, ಅವರು ಎಲ್ಲೂ ಏನೂ ಬರೆದಿಲ್ಲ, ಶೂನ್ಯ ಬೇಕು ಅಂದರು ಅಷ್ಟೇ, ಜಾಣ, ಬರೆದ ದಡ್ಡ ನಾನು. ಇಷ್ಟು ಸರಳವಿದೆ ಲೆಕ್ಕ, ಆ ಪದಗಳು ಹೋದರೆ ಭಾವ, ಉಳಿದರೆ ನಾನು. ಇದನ್ನು ಯೋಚಿಸುತ್ತಿರುವಾಗಲೇ ಕೈ ಆ ಚೌಕದೊಳಗೆ ಹೋಗಿದೆ, ಅಳಿಸುವ ಕೀಲಿ ಒತ್ತಿದೆ, ಅಕ್ಷರಗಳು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಹೋಗುತ್ತಿವೆ, ವರು, ಕೊಡದ, ದೂರು, ಖಾಲಿ ಚೌಕ, ಅದರಲ್ಲಿ ನಾನು ಬರೆಯುತ್ತಿದ್ದೇನೆ, ಹಳೆಯ ಮಾದರಿಯ ಫೋನುಗಳು, ಸುಳ್ಳಲ್ಲ, ಅದೂ ನಿಜವೇ, ಉಳಿಸು, ಪ್ರಿಂಟ್. ಕೆಳಗೆ ದಾಖಲೆಯಲ್ಲಿ ಹೊಸ ಸಾಲು ತಾನಾಗಿಯೇ ಮೂಡಿತು, ಹತ್ತು ನಲವತ್ತೊಂದು, ವಿವರಣೆ ಬದಲಾಯಿಸಲಾಗಿದೆ, ಮುಂದೆ ನನ್ನ ಹೆಸರು. ಇದು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ, ಆದರೆ ಓದುವವರು ಯಾರು, ಇದನ್ನು ಓದಲು ಇಡೀ ಕಂಪನಿಯಲ್ಲಿ ಇಟ್ಟುಕೊಂಡಿರುವ ಒಬ್ಬನೇ ಮನುಷ್ಯ ನಾನು. ಪ್ರಿಂಟರ್ ಬಿಸಿ ಕಾಗದ ಉಗುಳಿತು, ಎತ್ತಿಕೊಂಡೆ, ಫೋನಿನ ಚೀಲವನ್ನೂ ಎತ್ತಿಕೊಂಡೆ, ಬಟ್ಟೆಯನ್ನು ಅಲ್ಲೇ ಬಿಟ್ಟೆ.

ಮೇಲಿನ ಮಹಡಿಯ ಕಾರಿಡಾರು, ನೀರಿನ ಕ್ಯಾನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಅದರ ಅಂಚಿನಲ್ಲಿ ಭಾವ, ಇಡೀ ಕುರ್ಚಿ ಇದ್ದರೂ ಅಂಚಿನಲ್ಲೇ ಕೂರುತ್ತಾರೆ ಯಾವಾಗಲೂ, ಇಸ್ತ್ರಿ ಮಾಡಿದ ಅಂಗಿ, ಗುಂಡಿಗಳನ್ನು ಅಕ್ಕ ಹಾಕಿರಬೇಕು, ಬಲಗೈ ಬಿಳಿ ಕಟ್ಟಿನೊಳಗೆ ಮಡಿಲಲ್ಲಿ, ಎಡಗೈ ಅದರ ಕೆಳಗೆ ಮಗುವನ್ನು ಹಿಡಿದ ಹಾಗೆ, ಬೆರಳು ಕಾಣಿಸುತ್ತಿಲ್ಲ. ಬಂದ್ಯಾ, ಕಾಫಿ ಕುಡಿದ್ಯಾ ಇಲ್ವಾ, ಮುಖ ಯಾಕೋ ಹೀಗಿದೆ. ನನ್ನ ಮುಖ. ನಿಮ್ಗೆ ನೋವಿದ್ಯಾ ಭಾವ. ಇಲ್ಲಪ್ಪ, ಒಂದು ಮಜಾ ಗೊತ್ತಾ, ಇಲ್ದೇ ಇರೋ ಬೆರಳೇ ತುರಿಸತ್ತೆ, ಕೆರ್ಕೊಳೋಣ ಅಂದ್ರೆ ಎಲ್ಲಿ ಅಂತ ಕೆರ್ಕೊಳ್ಳಿ, ಅಂದು ನಕ್ಕರು, ನಾನು ನಗಬೇಕಿತ್ತು, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದೆ. ನನ್ನ ಕೈಯಲ್ಲಿದ್ದ ಚೀಲ ನೋಡಿದರು, ಓ ಅದೇನಾ, ಆಮೇಲೆ ದನಿ ತಗ್ಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಅದ್ರಲ್ಲಿ ಕೆಳಗಡೆ ಕೆಂಪು ಅಕ್ಷರ ಇರ್ತಿತ್ತಲ್ಲ, ತುರ್ತು ಕರೆ ಅಂತ, ಆ ಎಚ್ಚರಿಕೆ ಬಂದ ಮೊದಲ್ನೇ ದಿನಾನೇ ಮಾಯ ಆಗಿತ್ತು ಕಣೋ, ನಾನು ನೋಡ್ದೆ. ನೋಡಿದ್ರಾ, ನೋಡಿ ಯಾಕೆ ಹೇಳ್ಲಿಲ್ಲ ಭಾವ. ಹೇಳೋಣ ಅಂತಾನೇ ಭಾನುವಾರ ಪಕ್ಕದಲ್ಲಿ ಬಂದು ಕೂತೆ, ಆಮೇಲೆ ಅನ್ನಿಸ್ತು, ಇದು ನೀನು ಮಾಡಿರೋದಲ್ವಾ, ನಾನೇ ಹೀಗಾಗಿದೆ ಅಂತ ಬಾಯಿ ಬಿಟ್ರೆ ಅದು ನಿನ್ನ ಕೆಲಸದ ಮೇಲೆ ದೂರು ಆಗತ್ತೆ, ಮನೆಯವರೇ ದೂರು ಹೇಳಿದ್ರು ಅಂತಾಗತ್ತೆ, ನಿಮ್ಮ ಸಾಹೇಬ್ರು ಬೇರೆ ದೂರು ಅಂದ್ರೆ ಆಗಲ್ಲ ಅಂತಿದ್ಯಲ್ಲ, ಅದಕ್ಕೇ ಸುಮ್ಮನಾದೆ, ಯಾವಾಗಾದ್ರೂ ನೀನೇ ನೋಡಿ ಸರಿ ಮಾಡ್ತೀಯ ಅಂತ. ಇಷ್ಟನ್ನು ಅವರು ಕ್ಷಮೆ ಕೇಳುವವರ ಹಾಗೆ ಹೇಳಿದರು. ನನಗೆ ಅವರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು, ಕುರ್ಚಿ ಎತ್ತಿ ಗಾಜಿನ ಬಾಗಿಲಿಗೆ ಎಸೆಯಬೇಕು ಅನ್ನಿಸಿತು, ಯಾರ ಮೇಲಿನ ಸಿಟ್ಟು ಇದು, ಬೈಯಿರಿ ಭಾವ, ಒಂದು ಸಲ, ಅಯೋಗ್ಯ ಅನ್ನಿ, ನನ್ನ ಮಂಚ ಕಿತ್ತುಕೊಂಡವನೇ ಅನ್ನಿ, ಹೊಡೆಯಿರಿ, ಒಂದು ಕೈ ಇನ್ನೂ ಇದೆಯಲ್ಲ — ಮೇಡಂ ಕರೀತಿದಾರೆ ಅಂತ ಹಸಿರು ಸಾಹೇಬರು ಬಾಗಿಲು ತೆರೆದರು.

ಉದ್ದ ಮೇಜು, ಎಸಿಯ ಗುಂಯ್ ಸದ್ದು, ಸುರಕ್ಷತಾ ಅಧಿಕಾರಿಯ ಕನ್ನಡಕ, ಕೂತ್ಕೊಳಿ, ಕೈ ಹೇಗಿದೆ, ಚೆನ್ನಾಗಿದೆ ಮೇಡಂ. ಪ್ರಿಂಟ್ ಕೊಟ್ಟೆ, ಓದಿದರು, ಹಳೆಯ ಮಾದರಿಯ ಫೋನುಗಳು, ಸರಿ, ಪುಟ ತಿರುಗಿಸಿದರು. ಸಾಹೇಬರು ಮುಂದಕ್ಕೆ ಬಾಗಿ, ಮೇಡಂ, ಗಡುವಿನ ಮುಂಚೆ ಮೂರು ದಿನ ದಿನಕ್ಕೆ ನಾಲ್ಕು ಸಲ ನೆನಪಿಸಿದೆ ಫೋನು, ಪ್ರತಿ ಸಲಾನೂ ಇವರು ಆಮೇಲೆ ಅಂತ ಒತ್ತಿದಾರೆ, ಹನ್ನೆರಡು ಸಲ, ದಾಖಲೆ ಇದೆ, ಅಲ್ವೇನಪ್ಪ. ದಾಖಲೆ ಇದೆ ಸಾರ್. ವಾರದ ಪ್ರಯೋಗದಲ್ಲಿ ಒಂದೇ ಒಂದು ದೂರು ಇಲ್ಲ, ಹೇಳಿದ್ರೆ ತಾನೇ ನಮಗೆ ಗೊತ್ತಾಗೋದು. ಅಧಿಕಾರಿ ಭಾವನ ಕಡೆ ತಿರುಗಿದರು, ಅವರ ದನಿ ಒರಟಾಗಿರಲಿಲ್ಲ, ನಿಧಾನವಾಗಿ ಯೋಚನೆ ಮಾಡಿ ಹೇಳಿ, ಬೀಗ ಬಿದ್ದ ಪರದೆಯಲ್ಲಿ ತುರ್ತು ಕರೆಯ ಗುಂಡಿ ಕಾಣಿಸ್ತಿಲ್ಲ ಅನ್ನೋದನ್ನ ನೀವು ಅಪಘಾತಕ್ಕೆ ಮುಂಚೆ ಗಮನಿಸಿದ್ರಾ, ಯಾರಿಗಾದ್ರೂ ಹೇಳಿದ್ರಾ. ಭಾವ ನನ್ನ ಕಡೆ ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ, ಇಲ್ಲ ಮೇಡಂ, ನಾನು ಗಮನಿಸ್ಲಿಲ್ಲ, ನನಗೆ ಇವೆಲ್ಲ ಅಷ್ಟಾಗಿ ತಿಳಿಯಲ್ಲ. ಪಾಸ್‌ವರ್ಡ್ ಹಾಕೋಕೆ ಯಾರ ಸಹಾಯಾನೂ ಕೇಳ್ಲಿಲ್ವಾ. ಇಲ್ಲ ಮೇಡಂ. ಈಗ, ಈಗ ಬಾಯಿ ತೆರೆಯಬೇಕು, ಕೇಳಿದ್ರು ಮೇಡಂ, ನನ್ನನ್ನೇ ಕೇಳಿದ್ರು, ಎಷ್ಟು ಪದ ಅದು, ನಾಲ್ಕು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ನಸುಕಿನಲ್ಲಿ ಲೇಸು ಬಿಗಿಯುವ ಸದ್ದು ಕೇಳುತ್ತ ಕಣ್ಣು ಮುಚ್ಚಿ ಮಲಗಿದವನ ನಾಲಿಗೆ, ಎಸಿಯ ಸದ್ದು, ಅಧಿಕಾರಿಯ ಪೆನ್ನಿನ ಸದ್ದು, ಉದ್ಯೋಗಿಯ ನಿರ್ಲಕ್ಷ್ಯ ಎಂದು ಅವರು ಬರೆಯುತ್ತಿರುವುದು ತಲೆಕೆಳಗಾಗಿ ಕಾಣುತ್ತಿದೆ, ತಲೆಕೆಳಗಾದರೂ ಓದಬಹುದು, ಸಾಹೇಬರು ಕುರ್ಚಿಗೆ ಒರಗಿದರು. ಇಲ್ಲಿ ಸಹಿ ಮಾಡಿ, ಅಂದವರು ಕಟ್ಟು ನೋಡಿ, ಓ, ಕ್ಷಮಿಸಿ, ಎಡಗೈಯಲ್ಲಿ ಬರೆಯೋಕಾಗತ್ತಾ. ಆಗಲ್ಲ ಮೇಡಂ, ಆದ್ರೆ ಗೀಚ್ತೀನಿ, ನಡೆಯುತ್ತಾ. ಬೇಡ ಬೇಡ, ಹೆಬ್ಬೆಟ್ಟು ಒತ್ತಿಬಿಡಿ. ಸಾಹೇಬರು ಎಲ್ಲಿಂದಲೋ ಶಾಯಿಯ ಪ್ಯಾಡು ತಂದರು, ಮುಚ್ಚಳ ತೆರೆದರು, ಭಾವ ಕಟ್ಟಿನ ಕೆಳಗಿನಿಂದ ಎಡಗೈ ತೆಗೆದರು, ಹೆಬ್ಬೆರಳನ್ನು ಶಾಯಿಗೆ ಒತ್ತಿದರು, ಎಲ್ಲಿ ಮೇಡಂ, ಇಲ್ಲಾ, ಕಾಗದದ ಕೆಳಭಾಗದಲ್ಲಿ, ಸರಿಯಾಗಿ ಅಲ್ಲೇ, ಒತ್ತಿದರು, ಎತ್ತಿದರು, ಕಪ್ಪು ಅಚ್ಚು, ಅದರ ನಡುವೆ ಮೇಲಿನಿಂದ ಕೆಳಕ್ಕೆ ಓರೆಯಾಗಿ ಕೂದಲೆಳೆಯಷ್ಟು ಬಿಳಿ ಗೆರೆ. ಗಾಜಿನದಲ್ಲ. ನನ್ನ ಮಡಿಲಲ್ಲಿ ಚೀಲ, ಚೀಲದೊಳಗೆ ಅದೇ ಗೆರೆ, ಮೂವತ್ತೇಳು ಸಲ. ಅಷ್ಟು ಚೆನ್ನಾಗಿ ಮೂಡ್ಲಿಲ್ಲ ಅನ್ಸತ್ತೆ, ಇನ್ನೊಂದ್ಸಲ ಒತ್ಲಾ ಮೇಡಂ ಅನ್ನುತ್ತಿದ್ದಾರೆ ಭಾವ, ಕಪ್ಪು ಹೆಬ್ಬೆರಳು ಗಾಳಿಯಲ್ಲಿ ಹಿಡಿದುಕೊಂಡು, ಯಾರಿಗೂ ಏನೂ ತಾಗದ ಹಾಗೆ, ಬಿಳಿ ಗೆರೆ ನನ್ನ ಕಡೆಗೆ ತಿರುಗಿದೆ, ಬಿಳಿ ಗೆರೆ, ಬಿಳಿ ಗೆರೆ.

ನೀವು ಎಂದೂ ದೂರು ಹೇಳುವುದಿಲ್ಲ ಎಂದು ಗೊತ್ತಿದ್ದೇ ನಿಮ್ಮನ್ನು ಆ ಗುಂಪಿಗೆ ಹಾಕಿದೆ ಎಂದು ನಾನು ಭಾವನಿಗೆ ಹೇಳಲಿಲ್ಲ.